ಎರಡು ಕಳೆದರೆ ಎಷ್ಟು?

"ಇನ್ನು ಅರವತ್ತೇ ದಿನ! ಅರವತ್ತೊಂದನೇ ದಿನ ಮದುವೆ ಕೋಟು ಹಾಕ್ಕೊಂಡು, ಮೂರೂ ಗುಂಡಿ ಬಿಗಿದು, ಆರಾಮಾಗಿ ಉಸಿರಾಡ್ತಾ ಫೋಟೋಗೆ ನಿಲ್ಲದೆ ಹೋದ್ರೆ ನನ್ನ ಕತ್ತರೀನ ಕೆಳಗಿಡ್ತೀನಿ!"

ಹೀಗೆ ಭೀಷ್ಮಪ್ರತಿಜ್ಞೆ ಮಾಡಿದವನು ದರ್ಜಿ ಟೇಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಮಲಗುವಾಗಲೂ ಕೊರಳಿನಿಂದ ಟೇಪು ಇಳಿಸದ ಕಾರಣ ಬೀದಿಯವರೆಲ್ಲ ಸೇರಿ ಈ ಹೆಸರು ಹೊಲಿದುಕೊಟ್ಟಿದ್ದರು.

ಪ್ರತಿಜ್ಞೆಗೆ ಕಾರಣ ಬಾಮೈದ. ಗೋಡೆಯ ಮೇಲಿದ್ದ ಮದುವೆ ಫೋಟೋ ನೋಡಿ ಅವನು ಮುಗ್ಧವಾಗಿ ಕೇಳಿದ್ದ: "ಭಾವ, ಅಕ್ಕನ ಪಕ್ಕದಲ್ಲಿ ನಿಂತಿರೋ ಆ ಸಣ್ಣ ಹುಡುಗ ಯಾರು?"

ಮದುವೆಯ ಇಪ್ಪತ್ತೈದನೇ ವರ್ಷದ ಸಂಭ್ರಮ ಎರಡು ತಿಂಗಳಲ್ಲಿತ್ತು. ಸ್ವಂತ ಕೈಯಿಂದ ಹೊಲಿದ ಕೋಟು, ಸೊಂಟ ಮೂವತ್ತಾರು. ಈಗಿನ ಸೊಂಟ ನಲವತ್ತು. ಟೇಪಣ್ಣನಿಗೆ ನಿಜವಾಗಿಯೂ ನೋವಾಯಿತು.

ಗಿರಾಕಿಯಾಗಿದ್ದ ಜಿಮ್ ಮಾಸ್ತರರನ್ನು ಹಿಡಿದು ಗುಟ್ಟು ಕೇಳಿದ. "ಕಸರತ್ತಿಗೆ ತಕ್ಕ ಊಟ, ಅಷ್ಟೇ. ಓಡೋ ದಿನ ಓಡಿದ್ದಕ್ಕೆ ತಕ್ಕಷ್ಟು. ಭಾರ ಎತ್ತೋ ದಿನ ಮೊಟ್ಟೆ, ಬೇಳೆ. ಸುಮ್ನೆ ಕೂತ ದಿನ ಅರ್ಧ. ಎಲ್ಲಾನೂ ಅಳತೆಯಲ್ಲಿ ತಿನ್ನಿ" ಎಂದರು ಅವರು.

ಅಳತೆ! ಆ ಮಾತನ್ನು ದರ್ಜಿಗೆ ಹೇಳಬಾರದಿತ್ತು. ಪ್ಯಾಂಟಿನ ನಕ್ಷೆ ಬರೆಯುವ ಕಂದು ಕಾಗದದ ಮೇಲೆ ಟೇಪಣ್ಣ ಒಂದು ಪಟ್ಟಿ ಬರೆದು ಅಡುಗೆಮನೆಗೆ ಅಂಟಿಸಿದ. ಓಟಕ್ಕೆ ಮುಂಚೆ ಬಾಳೆಹಣ್ಣು, ನಾಲ್ಕು ಇಂಚು. ಓಟದ ನಂತರ ಸೌತೆಕಾಯಿ, ನಾಲ್ಕು ಇಂಚು. ಇಸ್ತ್ರಿಪೆಟ್ಟಿಗೆ ಐವತ್ತು ಸಲ ಎತ್ತಿದ ದಿನ ಬೇಯಿಸಿದ ಮೊಟ್ಟೆ ಎರಡು, ಜೊತೆಗೆ ಬ್ರೆಡ್ಡು, ಅದೂ ನಾಲ್ಕು ಇಂಚು.

"ಮೊಟ್ಟೆಗೆ ಮಾತ್ರ ಯಾಕೆ ಇಂಚು ಇಲ್ಲ?" ಎಂದಳು ಹೆಂಡತಿ.

"ರೌಂಡಾಗಿರೋದನ್ನ ಅಳೆಯೋದು ಕಷ್ಟ ಕಣೇ."

"ಅದು ನಿಮ್ಮ ಸೊಂಟ ನೋಡಿದ್ರೇ ಗೊತ್ತಾಗುತ್ತೆ!"

ಇಲ್ಲಿ ಆ ಟೇಪಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಹದಿನಾಲ್ಕು ವರ್ಷದ ಹಿಂದೆ ಅದರ ಮೊದಲ ಎರಡು ಇಂಚು ಹೊಲಿಗೆ ಯಂತ್ರದ ಚಕ್ರಕ್ಕೆ ಸಿಕ್ಕಿ ಹರಿದುಹೋಗಿತ್ತು. ಅಂದಿನಿಂದ ಟೇಪು ಶುರುವಾಗುವುದೇ ಎರಡರಿಂದ. ಗಿರಾಕಿಯ ಮೈಗೆ ಸುತ್ತಿದಾಗ ಅದು ಮೂವತ್ತಾರು ತೋರಿಸಿದರೆ ಟೇಪಣ್ಣನ ಬಾಯಿ ತಾನಾಗಿಯೇ "ಎರಡು ಕಳೆದರೆ ಮೂವತ್ತನಾಲ್ಕು" ಎನ್ನುತ್ತಿತ್ತು. ಬಟ್ಟೆ ಕತ್ತರಿಸಲು ಮೇಜಿನ ಮೇಲೆ ಮರದ ಸ್ಕೇಲಿದ್ದರಿಂದ ಅಲ್ಲಿ ತೊಂದರೆಯಿರಲಿಲ್ಲ. ಹೊಸ ಟೇಪು ತನ್ನಿ ಎಂದು ಹೆಂಡತಿ ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಯಾಕೆ, ನಂಗೆ ಕಳೆಯೋ ಲೆಕ್ಕ ಬರಲ್ವಾ?"

ಮೊದಲ ಹತ್ತು ದಿನ ಓಡಿದ, ಇಸ್ತ್ರಿಪೆಟ್ಟಿಗೆ ಎತ್ತಿದ, ಸೌತೆಕಾಯಿ ಕಡಿದ. ಸೊಂಟ ನಲವತ್ತರಿಂದ ಒಂದು ನೂಲೂ ಕದಲಲಿಲ್ಲ. ಹನ್ನೊಂದನೇ ಬೆಳಿಗ್ಗೆ ನೋಡುತ್ತಾನೆ, ಟೇಪು ನಲವತ್ತು ತೋರಿಸುತ್ತಿದೆ. ಎರಡು ಕಳೆದರೆ ಮೂವತ್ತೆಂಟು!

"ಲೇ ಇವಳೇ! ಒಂದೇ ರಾತ್ರಿಯಲ್ಲಿ ಎರಡಿಂಚು ಕಳೆದೆ ಕಣೇ!"

"ಮುಖಕ್ಕೇನೋ ಕಳೆ ಬಂದಿದೆ. ಸೊಂಟದಲ್ಲಿ ಕಳೆದದ್ದು ಮಾತ್ರ ಕಾಣ್ತಿಲ್ಲ" ಎಂದಳು ಆಕೆ.

ಹೆಂಗಸಿನ ಕಣ್ಣಿಗಿಂತ ಟೇಪಿನ ಮಾತು ದೊಡ್ಡದು ಎಂದುಕೊಂಡ ಟೇಪಣ್ಣ ಅಂದಿನಿಂದ ಎದೆಯುಬ್ಬಿಸಿ ನಡೆದ. ವಿಚಿತ್ರವೆಂದರೆ ಅಳತೆಯ ಊಟವೂ ಅಂದಿನಿಂದ ಹೊಟ್ಟೆ ತುಂಬ ಸಿಗತೊಡಗಿತು. ನಾಲ್ಕಿಂಚಿನ ಬಾಳೆಹಣ್ಣು ಇಷ್ಟು ಉದ್ದವಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ! ನಡುವೆ ಸೊಂಟ ಒಂದಿಂಚು ಹೆಚ್ಚಾದಾಗ "ಅದು ಸ್ನಾಯು" ಎಂದ. ಪ್ಯಾಂಟಿನ ಗುಂಡಿ ಹಾರಿಹೋದಾಗ "ನೀನು ಒಗೆದೂ ಒಗೆದೂ ಬಟ್ಟೆ ಕುಗ್ಗಿಸಿದ್ದೀಯ" ಎಂದು ಹೆಂಡತಿಯನ್ನೇ ದಬಾಯಿಸಿದ. ಕೋಟನ್ನಂತೂ ಆ ದಿನದವರೆಗೆ ಮುಟ್ಟುವುದಿಲ್ಲವೆಂದು ಶಪಥ.

ಅಷ್ಟರಲ್ಲಿ ಬೀದಿಯಲ್ಲಿ ಒಂದು ಪಿಡುಗು ಶುರುವಾಯಿತು. ಊರವರೆಲ್ಲ ದಪ್ಪಗಾಗತೊಡಗಿದರು!

ಮೊದಲು ಬಂದವರು ಬೇಕರಿ ಯಜಮಾನರು. "ಟೇಪಣ್ಣ, ನೀವು ಹೊಲಿದ ಹೊಸ ಪ್ಯಾಂಟು ಸೊಂಟಕ್ಕೆ ಹತ್ತಲ್ಲ. ಉದ್ದನೂ ಕಡಿಮೆ."

"ಹೊಟ್ಟೆ ಬಂದ್ರೆ ಪ್ಯಾಂಟು ಮೇಲಕ್ಕೆ ಎಳ್ಕೊಳ್ಳುತ್ತೆ ಯಜಮಾನ್ರೇ. ನನ್ನ ಅಳತೆ ತಪ್ಪಿದ್ದು ಎಂದಾದ್ರೂ ಉಂಟಾ? ತಗೊಳ್ಳಿ ಪಟ್ಟಿ. ಎರಡಿಂಚು ಕಳೀರಿ, ಆಮೇಲೆ ಪ್ಯಾಂಟು ಹಾಕಿ. ನನ್ನನ್ನ ನೋಡಿ ಕಲೀರಿ!"

ಯಜಮಾನರು ನೋಡಿದರು. ಏನೂ ಕಾಣಲಿಲ್ಲ. ಆದರೂ ಪಟ್ಟಿ ತೆಗೆದುಕೊಂಡು ಹೋದರು. ಮರುದಿನದಿಂದ ಕೇಕುಗಳ ನಡುವೆ ನಿಂತು ಸೌತೆಕಾಯಿ ಕಡಿಯತೊಡಗಿದರು. ಆಮೇಲೆ ಬಸ್ ಕಂಡಕ್ಟರು ಬಂದ. ಹೆಡ್ ಮೇಷ್ಟ್ರು ಬಂದರು. ಎಲ್ಲರಿಗೂ ಬಟ್ಟೆ ಬಿಗಿ, ಎಲ್ಲರ ಕೈಗೂ ಪಟ್ಟಿ. ಬೆಳಿಗ್ಗೆ ಮೂವರೂ ಉದ್ಯಾನದಲ್ಲಿ ಸಾಲಾಗಿ ಓಡುತ್ತಿದ್ದರೆ ಟೇಪಣ್ಣ ಬೆಂಚಿನ ಮೇಲೆ ಕೂತು ನಾಲ್ಕಿಂಚಿನ ಬಾಳೆಹಣ್ಣು ತಿನ್ನುತ್ತಾ "ಮಂಡಿ ಎತ್ತಿ, ಮಂಡಿ!" ಎಂದು ಕೂಗುತ್ತಿದ್ದ.

ಐವತ್ತೈದನೇ ದಿನ ಅಂಚೆಯವರು ಹೊಸ ಅಂಗಿ ತೊಟ್ಟೇ ಅಂಗಡಿಗೆ ಬಂದರು. ಕಡ್ಡಿಯಂಥ ಆಳು.

"ಸ್ವಲ್ಪ ದಪ್ಪಗಾಗಿದ್ದೀರಿ" ಎಂದು ಟೇಪಣ್ಣ ಪಟ್ಟಿಗೆ ಕೈ ಹಾಕಿದ.

"ಸರಿನಪ್ಪ, ದಪ್ಪಗಾದೆ ಅಂತಲೇ ಇಟ್ಕೊಳ್ಳೋಣ" ಎಂದು ಅವರು ಎರಡೂ ಕೈ ಮುಂದೆ ಚಾಚಿದರು. ಅಂಗಿ ತೋಳಿನ ತುದಿ ಮಣಿಕಟ್ಟಿನಿಂದ ಎರಡಿಂಚು ಹಿಂದಿತ್ತು. "ಐವತ್ತೈದನೇ ವಯಸ್ಸಲ್ಲಿ ನನ್ನ ಕೈ ಬೆಳೀತೇನು?"

ಟೇಪಣ್ಣ ತಬ್ಬಿಬ್ಬಾದ. ಕೊರಳಿನ ಟೇಪು ತೆಗೆದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅದರ ತುದಿ ನೋಡಿದ. ಅಲ್ಲಿ ಒಂದು ಇತ್ತು. ಅದರ ಪಕ್ಕ ಎರಡಿತ್ತು. ನೀಟಾಗಿ, ಸಣ್ಣ ಸಣ್ಣ ಹೊಲಿಗೆಯಲ್ಲಿ ಯಾರೋ ಜೋಡಿಸಿದ್ದರು!

"ಲೇ ಇವಳೇ! ಟೇಪಿಗೆ ಏನು ಮಾಡಿದೆ?"

"ಹತ್ತನೇ ರಾತ್ರಿ ನೀವು ಮಲಗಿದ್ದಾಗ, ಎತ್ತಿಟ್ಟಿದ್ದ ಆ ಹರಿದ ತುದೀನ ಕೊರಳಲ್ಲೇ ಹೊಲಿದು ಸರಿ ಮಾಡಿದೆ. ಹೊಲೀತೀನಿ ಅಂತ ಆವತ್ತೇ ಹೇಳಿದ್ನಲ್ಲ! ನೀವು ಇಸ್ತ್ರಿಪೆಟ್ಟಿಗೆ ಎತ್ತುತ್ತಾ ಹೂಂ ಹೂಂ ಅಂದ್ರಿ."

"ಅದು ಹೂಂ ಅಲ್ವೇ, ನಾನು ಉಸಿರು ಬಿಡ್ತಿದ್ದದ್ದು!"

ಟೇಪಣ್ಣ ಸ್ಟೂಲಿನ ಮೇಲೆ ಕುಸಿದ. ನಾಲ್ಕಿಂಚೆಂದು ತಿಂದ ಬಾಳೆಹಣ್ಣೆಲ್ಲ ಆರಿಂಚು! ತನ್ನ ಸೊಂಟ ಈಗ ನಲವತ್ತೊಂದು! ಅದಕ್ಕಿಂತ ಹೆಚ್ಚಾಗಿ, ಹದಿನಾಲ್ಕು ವರ್ಷ ತಪ್ಪದ ಅಳತೆಯ ಮಾನ ಬೀದಿಪಾಲಾಗಿತ್ತು. ಅವನ ಮುಖ ನೋಡಿ ಹೆಂಡತಿಗೆ ಪಾಪ ಎನಿಸಿತು. "ಏಳಿ, ಇಬ್ರೂ ಕೂತು ಬಿಚ್ಚೋಣ" ಎಂದಳು.

ಮನೆಮನೆಗೆ ಓಡಿ, "ಸಣ್ಣ ರಿಪೇರಿ ಇದೆ" ಎಂದು, ಯಾರಿಗೂ ಬಾಯಿ ತೆರೆಯಲು ಬಿಡದೆ ಬಟ್ಟೆಗಳನ್ನು ಎತ್ತಿಕೊಂಡು ಬಂದ. ಐದು ದಿನ ಗಂಡಹೆಂಡತಿ ಒಳಗೆ ಮಡಿಸಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ, ಎಲ್ಲವನ್ನೂ ಎರಡೆರಡು ಇಂಚು ಸಡಿಲಿಸಿ, ವಾಪಸು ಕಳಿಸಿದರು.

ಅರವತ್ತೊಂದನೇ ದಿನ ಬಂದೇಬಂತು. ಕೋಟು ಮೈಮೇಲೆ ಏರಿತು. ಮೂರು ಗುಂಡಿಗಳೂ ಮೂರು ಕಾಜಾಗಳನ್ನು ದೂರದಿಂದಲೇ ನೋಡಿ ಸುಮ್ಮನಾದವು. ಬಾಮೈದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕ್ಯಾಮೆರಾ ಹಿಡಿದು ನಿಂತಿದ್ದ.

ಆಗ ಬಾಗಿಲಲ್ಲಿ ಅತಿಥಿಗಳು ಕಾಣಿಸಿಕೊಂಡರು. ಬೇಕರಿ ಯಜಮಾನರು ಒಂದು ಕೈಯಲ್ಲಿ ಕೇಕಿನ ಡಬ್ಬಿ, ಇನ್ನೊಂದು ಕೈಯಲ್ಲಿ ಜಾರುವ ಪ್ಯಾಂಟು ಹಿಡಿದಿದ್ದರು. ಕಂಡಕ್ಟರು ಸೊಂಟಕ್ಕೆ ಹಗ್ಗ ಬಿಗಿದಿದ್ದ. ಹೆಡ್ ಮೇಷ್ಟ್ರು ಅಂಗಿಯೊಳಗೆ ಎಲ್ಲೋ ಇದ್ದರು.

"ಟೇಪಣ್ಣ, ನಿಮ್ಮ ಪಟ್ಟಿ ಅಂದ್ರೆ ಪಟ್ಟಿ! ನಾವು ಮೂರು ಜನಾನೂ ಎರಡೆರಡು ಇಂಚು ಕಳೆದ್ವಿ!" ಯಜಮಾನರ ದನಿಯಲ್ಲಿ ಆನಂದ ಉಕ್ಕುತ್ತಿತ್ತು. "ಆದ್ರೆ ಈ ಪ್ಯಾಂಟು ಯಾಕೋ ಈಗ ನಿಲ್ತಾನೇ ಇಲ್ಲ. ಸ್ವಲ್ಪ ಅಳತೆ ತಗೊಳ್ಳಿ."

ಟೇಪಣ್ಣ ಟೇಪು ಬಿಚ್ಚಿ ಅವರ ಸೊಂಟಕ್ಕೆ ಸುತ್ತಿದ. "ಮೂವತ್ತೆಂಟು" ಎಂದ. ಬಾಯಿ ತಾನಾಗಿಯೇ ಮುಂದುವರಿಯಿತು. "ಎರಡು ಕಳೆದರೆ..."

"ರೀ!" ಒಳಗಿನಿಂದ ಹೆಂಡತಿ ಕೂಗಿದಳು. "ಅವರು ಆಗ್ಲೇ ಕಳೆದಾಯ್ತು! ಕಳೆಯೋದು ಬಾಕಿ ಇರೋದು ನಿಮ್ಮದು!"