ಹೊಗೆಗೂಡಿಗೊಂದು ಸೂರು

ಸಿಟ್ಟು ಮಾಡಿಕೊಳ್ಳಬಾರದು ಎಂದು ಉಪದೇಶ ಮಾಡುವವರನ್ನು ಕಂಡರೆ ನಾನು ಮೊದಲು ಕೇಳುವುದು, "ಸ್ವಾಮಿ, ತಮ್ಮ ಮನೆ ಎಲ್ಲಿ?" ಎಂದು. ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯ ಮಗ್ಗುಲಲ್ಲಿ ಮನೆ ಇಲ್ಲದವರಿಗೆ ತಾಳ್ಮೆಯ ಬಗ್ಗೆ ಮಾತಾಡುವ ಹಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಹುಟ್ಟು ಸಿಟ್ಟಿನವನು ಎಂದು ಕಮಲಾಪುರದ ನಮ್ಮ ಶಾಲೆಯ ಮಕ್ಕಳೆಲ್ಲ ಹೇಳುತ್ತಾರೆ, ಇರಲಿ. ಆದರೆ ಹುಡುಗರ ಮೇಲೆ ಬರುವ ಸಿಟ್ಟು ಗಂಟೆ ಹೊಡೆದರೆ ಇಳಿಯುತ್ತದೆ. ಗಂಟೆ ಹೊಡೆದರೂ ಇಳಿಯದ ಸಿಟ್ಟು ನನಗೆ ಬಂದದ್ದು ನಮ್ಮ ಮನೆಯ ಮಾಳಿಗೆಯ ಮೇಲಿದ್ದ ಒಂದು ತೂತಿನ ಮೇಲೆ.

ಆ ತೂತು ನಮ್ಮ ಅಡುಗೆಮನೆಯ ಹೊಗೆಗೂಡಿನದು. ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ. ಆದರೆ ನನ್ನ ಹೆಂಡತಿ ಗಿರಿಜಾ ಎಮ್ಮಿಗನೂರಿನವಳು. ಖಡಕ್ ರೊಟ್ಟಿಯನ್ನು ಗ್ಯಾಸಿನ ಮೇಲೆ ಸುಡುವುದೂ ಒಂದೇ, ಇಸ್ತ್ರಿಪೆಟ್ಟಿಗೆಯಿಂದ ತೀಡುವುದೂ ಒಂದೇ ಎನ್ನುವವಳು. ಹಾಗಾಗಿ ಮನೆ ಕಟ್ಟುವಾಗಲೇ ಕಟ್ಟಿಗೆ ಒಲೆ, ಒಲೆಯ ಮೇಲೆ ಇಟ್ಟಿಗೆಯ ಹೊಗೆಗೂಡು, ಅದರ ಬಾಯಿ ಮಾಳಿಗೆಯ ಮೇಲೆ ಆಕಾಶಕ್ಕೆ. ಬಾಯಿಗೆ ಒಂದು ಮುಚ್ಚಳ ಬೇಡವೇ ಎಂದು ನಾನು ಕೇಳಿದ್ದೆ. "ಹೊಗಿ ಹೋಗಾಕ ದಾರಿ ಬೇಕಲ್ರಿ ಸಾರ್, ಬಾಯಿ ಮುಚ್ಚಿದ್ರ ಹೆಂಗ?" ಎಂದ ಗುತ್ತಿಗೆದಾರ. ಬಿಸಿಗಾಳಿ ಮೇಲಕ್ಕೇರುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುವ ವಿಜ್ಞಾನದ ಮಾಸ್ತರನಾದ ನಾನು ಹೌದೌದು ಎಂದು ತಲೆಯಾಡಿಸಿದೆ. ಮೇಲಕ್ಕೇರುವ ದಾರಿಯಲ್ಲೇ ಬೇರೆಯದು ಕೆಳಕ್ಕೂ ಇಳಿಯಬಹುದು ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಆಗ ಆ ರಸ್ತೆಯಲ್ಲಿ ಓಡಾಡುತ್ತಿದ್ದದ್ದು ಬಸ್ಸು, ಕಬ್ಬಿನ ಗಾಡಿ, ಬಾಳೆಗೊನೆಯ ಟೆಂಪೋ. ಗಿರಿಜಾ ರೊಟ್ಟಿ ಸುಟ್ಟು ಕಟ್ಟು ಕಟ್ಟಿ ಮಾರಲು ಶುರು ಮಾಡಿದಳು. ಮುಂಜಾನೆಯ ಬಸ್ಸಿನಲ್ಲಿ ದೋಣಿಮಲೈ ಕ್ವಾರ್ಟರ್ಸಿನ ಮನೆಗಳಿಗೆ ಅವಳ ರೊಟ್ಟಿ ಹೋಗುತ್ತಿತ್ತು. ಗಿರಿಜಾ ರೊಟ್ಟಿ ಎಂದರೆ ಕಾಗದದಷ್ಟು ತೆಳು, ಬೆಳ್ಳಗೆ, ಮುರಿದರೆ ಸದ್ದು. ನನ್ನ ಇಪ್ಪತ್ತೈದು ವರ್ಷದ ಮಾಸ್ತರಿಕೆಗೆ ಸಿಗದ ಹೆಸರು ಅವಳಿಗೆ ಎರಡೇ ವರ್ಷದಲ್ಲಿ ಸಿಕ್ಕಿತು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚೂ ಆಗಿತ್ತು.

ಆಮೇಲೆ ಬಂತು ನೋಡಿ ಕಬ್ಬಿಣದ ಅದಿರಿನ ಕಾಲ. ಎಲ್ಲೋ ಸಮುದ್ರದಾಚೆಯ ದೇಶಕ್ಕೆ ನಮ್ಮ ಗುಡ್ಡ ಬೇಕಾಯಿತಂತೆ. ಬೇಕಾದರೆ ಒಯ್ಯಲಿ, ಮುಚ್ಚಿಕೊಂಡಾದರೂ ಒಯ್ಯಬಾರದೇ? ಡ್ರೈವರನ ತಲೆಗಿಂತ ಎತ್ತರ ಗುಡ್ಡೆ ಹಾಕಿಕೊಂಡು, ಹೊದಿಕೆಯ ತಾಡಪತ್ರಿಯನ್ನು ಶಾಸ್ತ್ರಕ್ಕೆ ಒಂದು ಮೂಲೆಗೆ ಕಟ್ಟಿಕೊಂಡು, ಒಂದರ ಬಾಲಕ್ಕೆ ಒಂದು ಲಾರಿ. ಗುಂಡಿಗೆ ಬಿದ್ದು ಎದ್ದಾಗೊಮ್ಮೆ ಒಂದು ಬುಟ್ಟಿ ಕೆಂಪು ಹುಡಿ ಗಾಳಿಗೆ. ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಒಣಗಲು ಹಾಕಿದ ನನ್ನ ಬಿಳಿ ಅಂಗಿ ಕೆಂಪು. ಕಂಪ್ಲಿಯಿಂದ ಬಂದ ನನ್ನ ಭಾವಮೈದುನ ಬಿಳಿ ಧೋತರದಲ್ಲಿ ಇಳಿದು ಸಂಜೆ ಸನ್ಯಾಸಿಯ ಬಣ್ಣದಲ್ಲಿ ಬಸ್ಸು ಹತ್ತಿದ. ನಾನು ರಸ್ತೆಗೆ ಹೋಗಿ ನಿಂತು ಡ್ರೈವರುಗಳನ್ನು ಬೈದೆ. ಬಾಯಿ ತೆರೆದಷ್ಟೂ ಬಾಯೊಳಗೆ ಧೂಳು ಹೋಯಿತು. ಬಾಯಿ ಮುಚ್ಚಿಕೊಂಡು ಬೈಯುವ ವಿದ್ಯೆ ನನಗೆ ಬರುವುದಿಲ್ಲ.

ಕಿಟಕಿ ಮುಚ್ಚಿದೆವು, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆವು. ಹೊಗೆಗೂಡು ಯಾರ ನೆನಪಿಗೂ ಬರಲಿಲ್ಲ. ರಾತ್ರಿಯೆಲ್ಲ ಅದರೊಳಗೆ ಹುಡಿ ಇಳಿದು ಒಳಗೋಡೆಗೆ ಕೂತಿರುತ್ತಿತ್ತು. ಬೆಳಿಗ್ಗೆ ಗಿರಿಜಾ ಹಂಚಿನ ಮೇಲೆ ರೊಟ್ಟಿ ಹಾಕುವ ಹೊತ್ತಿಗೆ ಹೊರಗೊಂದು ಲಾರಿ ಗುಂಡಿಗೆ ಬೀಳುತ್ತಿತ್ತು, ಮನೆ ನಡುಗುತ್ತಿತ್ತು, ಹುಡಿ ಸುರಿಯುತ್ತಿತ್ತು. ಅವಳು ಸೆರಗಿನಿಂದ ಝಾಡಿಸಿ ಝಾಡಿಸಿ ಸುಡುತ್ತಿದ್ದಳು. ಒಂದು ದಿನ ದೋಣಿಮಲೈನಿಂದ ರೊಟ್ಟಿಯ ಇಡೀ ಕಟ್ಟೇ ವಾಪಸು ಬಂತು. ಬಸ್ಸಿನ ಕಂಡಕ್ಟರ್ ತಂದ ಸಮಾಚಾರ ಇದು: "ಅಕ್ಕಾರ, ಅಲ್ಲಿ ಅಮ್ಮಾರು ಹೇಳ್ಯಾರ, ನಮಗ ರಾಗಿ ರೊಟ್ಟಿ ಬ್ಯಾಡ, ಮೊದ್ಲಿನಂಗ ಜೋಳದ್ದ ಕಳಸ್ರಿ ಅಂತ."

ಗಿರಿಜಾ ಆ ಕಟ್ಟನ್ನು ಬಿಚ್ಚಲಿಲ್ಲ. ಅವಳ ಅವ್ವನ ಮನೆಯಿಂದ ರೊಟ್ಟಿ ಕೇಳಿಕೊಂಡು ಹೋದವರುಂಟು, ವಾಪಸು ತಂದವರಿಲ್ಲ. "ಇನ್ನೊಂದ್ಸಲ ಹಿಂಗ ವಾಪಸ್ ಬಂತಂದ್ರ ಒಲಿ ಒಡದು ಹಾಕಿಬಿಡ್ತೀನ್ರಿ. ಆಮ್ಯಾಲೆ ಈ ಮನ್ಯಾಗ ರೊಟ್ಟಿ ಅನ್ನಾಂಗಿಲ್ಲ" ಎಂದಳು. ದನಿ ಏರಿಸದೆ ಹೇಳಿದಳು, ಅದಕ್ಕೇ ನನಗೆ ಹೆದರಿಕೆಯಾಯಿತು. ಕೂಗಾಡುವುದು ನಮ್ಮ ಮನೆಯಲ್ಲಿ ನನ್ನ ಖಾತೆ. ಅವಳು ಹೇಳಿದ್ದನ್ನು ಮಾಡುತ್ತಾಳೆ. ಹುಡಿ ಇಳಿಯುವ ದಾರಿ ಯಾವುದೆಂದು ಆಗ ಹೊಳೆಯಿತು. ಹೊಗೆಗೂಡಿಗೆ ಮುಚ್ಚಳ ಮಾಡಿಸಿಯೇ ಊಟ ಮಾಡುವೆನೆಂದು ನಾನು ಸೈಕಲ್ ಹತ್ತಿದೆ.

ಊಟ ಮಾಡದೆ ಇದ್ದಿದ್ದರೆ ಸತ್ತೇ ಹೋಗುತ್ತಿದ್ದೆ. ಯಾಕೆಂದರೆ ಆ ಕಾಲದಲ್ಲಿ ಹೊಸಪೇಟೆಯಲ್ಲಿ ತಗಡಿನ ಕೆಲಸಕ್ಕೆ ಒಬ್ಬ ಮನುಷ್ಯನೂ ಸಿಗುತ್ತಿರಲಿಲ್ಲ. ಕೊಡಕ್ಕೆ ತೇಪೆ ಹಾಕುತ್ತಿದ್ದವರು, ಡಬ್ಬಿಗೆ ಮುಚ್ಚಳ ಮಾಡುತ್ತಿದ್ದವರು, ಎಲ್ಲರೂ ಲಾರಿಯ ಬಾಡಿ ಕಟ್ಟಲು ಹೋಗಿದ್ದರು. ಕೊನೆಗೆ ಬೈಪಾಸಿನ ಹತ್ತಿರ ಶೆಡ್ ಹಾಕಿಕೊಂಡಿದ್ದ ವೆಲ್ಡರ್ ಹುಲುಗಪ್ಪ ಸಿಕ್ಕ. ನನ್ನ ಹಳೆಯ ವಿದ್ಯಾರ್ಥಿ, ಅದಿರು ಪುಡಿ ಮಾಡುವ ಕ್ರಷರುಗಳಿಗೆ ಹಾಪರ್ ಮಾಡುವುದರಲ್ಲಿ ಹೆಸರುವಾಸಿ. ಹಾಪರ್ ಎಂದರೆ ಮೇಲೆ ಅಗಲ, ಕೆಳಗೆ ಸಣ್ಣ, ಮೇಲಿಂದ ಸುರಿದದ್ದನ್ನೆಲ್ಲ ನುಂಗಿ ಕೆಳಗೆ ಇಳಿಸುವ ಉಕ್ಕಿನ ಆಲಿಕೆ. "ಹೊಗೆಗೂಡಿನ ಬಾಯಿಗೆ ಒಂದು ಮಾಡಿಕೊಡೋ, ಧೂಳಿನದೇ ಸಮಸ್ಯೆ" ಎಂದೆ. "ಧೂಳಿನ ಕೆಲ್ಸ ನಮಗ ಬಿಡ್ರಿ ಸಾರ್, ಮಸ್ತ್ ಮಾಡ್ತೀನಿ. ನೀವು ಸಾಲಿಗೆ ಹೋಗಿ ಬರ್ರಿ" ಎಂದ. ಹೋಗಿ ಬಂದೆ.

ಬಂದು ನೋಡುತ್ತೇನೆ, ಮಾಳಿಗೆಯ ಮೇಲೆ ಒಂದು ಭರ್ಜರಿ ಆಲಿಕೆ, ಅಗಲವಾದ ಬಾಯಿ ಆಕಾಶಕ್ಕೆ! ಊರಿನ ಧೂಳನ್ನೆಲ್ಲ ಬಾ ಬಾ ಎಂದು ಕರೆದು ನಮ್ಮ ಒಲೆಗೆ ಇಳಿಸುತ್ತಿತ್ತು. ಒಳಗೆ ಒಲೆ ಕಾಣಿಸುತ್ತಿರಲಿಲ್ಲ. ಗಿರಿಜಾ ಮೊರದಿಂದ ಅದಿರು ಎತ್ತುತ್ತಿದ್ದಳು. "ಇಷ್ಟು ದಿನ ಅದಾಗೇ ಬರ್ತಿತ್ತು, ಈಗ ಕರ್ದು ತರ್ಸೀರಿ" ಎಂದಳು. ನಾನು ಹುಲುಗಪ್ಪನ ಶೆಡ್ಡಿಗೆ ಓಡಿ ಬಾಯಿಗೆ ಬಂದಂತೆ ಬೈದೆ. ಅವನಿಗೆ ಬೇಜಾರಾಯಿತು. "ಸಾರ್, ಎಷ್ಟು ಕ್ರಷರ್‌ಗೆ ಮಾಡಿ ಕೊಟ್ಟೀನಿ, ಒಂದ ಒಂದು ಕಾಳು ಹೊರಗ ಬಿದ್ದಿಲ್ಲ. ನಿಮ್ದೂ ನೋಡ್ರಿ, ಹೊರಗ ಒಂಚೂರು ಬಿದ್ದೈತೇನು?" ಎಂದ. ಬಿದ್ದಿರಲಿಲ್ಲ, ಅದು ನಿಜ. "ಅದನ್ನ ಬೋರಲು ಹಾಕೋ ಲೇ!" ಎಂದು ಕಿರುಚಿದೆ.

ಹಾಕಿದ. ಬೋರಲು ಹಾಕಿ, ಮಾಸ್ತರು ಮತ್ತೆ ಬೈಯಬಾರದೆಂದು ಇಟ್ಟಿಗೆಗೆ ಒತ್ತಿ ಕೂರಿಸಿ, ಸುತ್ತಲೂ ಸಿಮೆಂಟು ಮೆತ್ತಿ, ಆಲಿಕೆಯ ಸಣ್ಣ ಬಾಯಿಗೂ ತಗಡು ಬೆಸೆದುಬಿಟ್ಟ. ಒಂದು ಕಣ ಧೂಳು ಒಳಗೆ ಬರಲಿಲ್ಲ. ಒಂದು ಎಳೆ ಹೊಗೆ ಹೊರಗೆ ಹೋಗಲಿಲ್ಲ. ಮರುದಿನ ಅಡುಗೆಮನೆಯಿಂದ ಗಿರಿಜಾ ಕೆಮ್ಮುತ್ತಾ ಹೊರಬಿದ್ದಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಹೊಗೆಯ ನೀರು ಮಾತ್ರ ಆಗಿರಲಿಲ್ಲ ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಲಾರಿಯ ಮೇಲೆ, ಹುಲುಗಪ್ಪನ ಮೇಲೆ, ಗುಡ್ಡ ಕೊಂಡ ದೇಶದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೋರಲು ಹಾಕು ಎಂದ ನನ್ನ ಮೇಲೆ. ಸುತ್ತಿಗೆ ಹಿಡಿದು ಮಾಳಿಗೆ ಹತ್ತಿದೆ, ಅದನ್ನು ಒಡೆದು ರಸ್ತೆಗೆ ಎಸೆಯಲು.

"ಒಡೀಬ್ಯಾಡ್ರಿ!" ಎಂದು ಗಿರಿಜಾ ಹಿಂದೆಯೇ ಏಣಿ ಹತ್ತಿ ಬಂದಳು. ಕೈಯಲ್ಲಿ ಸೌಟು. ಹೊಡೆಯಲು ತಂದಿದ್ದಾಳೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಅನ್ನ ಉಕ್ಕೋವಾಗ ನಾ ಏನ್ ಮಾಡ್ತೀನಿ? ಸೌಟು ಅಡ್ಡ ಇಟ್ಟು ಅದರ ಮ್ಯಾಲ ತಾಟು ಮುಚ್ಚೂದಿಲ್ಲೇನು? ಉಗಿ ಸಂದ್ಯಾಗ ಹೋಗ್ತೈತಿ, ಹುಳ ಹುಪ್ಪಟಿ ಬೀಳಂಗಿಲ್ಲ. ಇದಕ್ಕೂ ನಾಲ್ಕು ಕಾಲು ಕೊಟ್ಟು ಮ್ಯಾಲಕ್ಕ ಎತ್ತಿ ನಿಂದ್ರಸ್ರಿ" ಎಂದಳು. ಹುಲುಗಪ್ಪನನ್ನು ಕರೆಸಿದೆ. ಈ ಸಲ ಬೈಯುವ ಅಧಿಕಾರ ಗಿರಿಜಾಳದ್ದಾಗಿತ್ತು, ಆದರೆ ಅವಳು ಅವನಿಗೆ ಚಹಾ ಕೊಟ್ಟಳು. ಬೋರಲು ಹಾಕಿದ ಅದೇ ಆಲಿಕೆ ಈಗ ಹೊಗೆಗೂಡಿನ ಬಾಯಿಗಿಂತ ಅಗಲವಾದ ಇಳಿಜಾರು ಸೂರು, ಅದಕ್ಕೆ ನಾಲ್ಕು ಕಬ್ಬಿಣದ ಕಾಲು, ಕಾಲುಗಳ ನಡುವೆ ಗೇಣು ಸಂದಿ, ಸಂದಿಗೆ ಗುಬ್ಬಿ ಗೂಡು ಕಟ್ಟದಂತೆ ಸುತ್ತಲೂ ಜಾಳಿಗೆ. ಗಾಳಿಗೆ ಹಾರದಂತೆ ಬೋಲ್ಟು. ಒಳಗೋಡೆಗೆ ಕೂತಿದ್ದ ಹುಡಿಯನ್ನೆಲ್ಲ ಉದ್ದನೆಯ ಪೊರಕೆಯಿಂದ ನಾನೇ ಕೆಡವಿದೆ. ಒಲೆ ಹೊತ್ತಿಸಿದರೆ ಹೊಗೆ ಸಂದಿಯಿಂದ ನಾಲ್ಕೂ ಕಡೆ ಸಲೀಸಾಗಿ ಹೋಯಿತು. ಆ ದಿನದ ಮೊದಲ ರೊಟ್ಟಿಯನ್ನು ಗಿರಿಜಾ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಕೊಟ್ಟಳು.

ದೋಣಿಮಲೈಗೆ ಹೋದ ಕಟ್ಟು ವಾಪಸು ಬರಲಿಲ್ಲ. ಇಲ್ಲಿಗೆ ಮುಗಿದಿದ್ದರೆ ನಾನು ಸಿಟ್ಟು ಬಿಟ್ಟು ಒಳ್ಳೆಯ ಮನುಷ್ಯನಾಗುತ್ತಿದ್ದೆ. ಆದರೆ ಆ ಕಂಡಕ್ಟರ್ ಸುಮ್ಮನಿರಬೇಕಲ್ಲ! ಈ ರಸ್ತೆಯಲ್ಲಿ ಹಲ್ಲಿಗೆ ಕಲ್ಲು ಸಿಗದ ರೊಟ್ಟಿ ಬೇಕಾದರೆ ಅದೊಂದೇ ಮನೆ ಎಂದು ಊರೆಲ್ಲ ಸಾರಿದ. ಊರು ಎಂದರೆ ಆಗ ಲಾರಿಯವರೇ. ಒಂದು ಮಧ್ಯಾಹ್ನ ಅದಿರು ತುಂಬಿದ ಲಾರಿಯೊಂದು ನಮ್ಮ ಗೇಟಿನೆದುರು ಬುಸ್ಸೆಂದು ನಿಂತಿತು. ನಾನು ಇಷ್ಟು ದಿನ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಹೊರಗೆ ಧಾವಿಸಿದೆ. ಡ್ರೈವರ್ ಕೆಳಗಿಳಿದು ಹುಬ್ಬಿನ ಧೂಳು ಒರೆಸಿಕೊಂಡ. "ಅಣ್ಣಾರ, ರೊಟ್ಟಿ ಐತೇನ್ರಿ? ಮನಿ ಬಿಟ್ಟು ತಿಂಗಳಾತು" ಎಂದ. ನನಗೆ ಬೈಗುಳ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಒಳಗಿಂದ ಗಿರಿಜಾ, "ಕುಂದ್ರಾಕ ಹೇಳ್ರಿ, ಬಿಸೀವು ಸುಡಾಕತ್ತೀನಿ" ಎಂದಳು.

ಈಗ ಮಧ್ಯಾಹ್ನವಾದರೆ ಗೇಟಿನೆದುರು ಲಾರಿಗಳ ಸಾಲು. ಅಡುಗೆಮನೆ ಕನ್ನಡಿಯಂತಿದೆ. ಡ್ರೈವರುಗಳು ಊಟಕ್ಕೆ ಕೂರುವ ಪಡಸಾಲೆಯಲ್ಲಿ ಕುರ್ಚಿಯ ಬಣ್ಣ ಯಾವುದಿತ್ತೆಂದು ನನಗೇ ಮರೆತಿದೆ. ಸಿಟ್ಟು ಕಡಿಮೆಯಾಗಿದೆಯೇ ಎಂದು ಕೇಳಬೇಡಿ, ದಿನಕ್ಕಿಷ್ಟು ಏರುತ್ತಲೇ ಇದೆ. ಮೊನ್ನೆ ಭಾನುವಾರ ರೊಟ್ಟಿಗೆ ಬಂದ ಒಬ್ಬ ಡ್ರೈವರ್ ಹಿಂದೆ ಮುಂದೆ ನೋಡದೆ ಲಾರಿಯನ್ನು ನಮ್ಮ ಕಾಂಪೌಂಡಿಗೆ ತಾಗಿಸುವುದರಲ್ಲಿದ್ದ. ತಲೆಗೆ ಟವೆಲ್ಲು ಸುತ್ತಿಕೊಂಡು ಧೂಳಿನ ನಡುವೆ ನಿಂತು ಎರಡೂ ಕೈ ಬೀಸುತ್ತಾ, "ಬರ್ಲಿ, ಬರ್ಲಿ, ಎಡಕ್ಕ ಹೊಡಿ, ಕಣ್ಣ ಕಾಣಂಗಿಲ್ಲೇನಲೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಹಿಂದಿನ ಲಾರಿ ಹಾರ್ನ್ ಬಾರಿಸಿತು. ನನ್ನ ಸಿಟ್ಟು ನೆತ್ತಿಗೇರಿತು. ತಿರುಗಿ ನಿಂತು ಗದರಿದೆ: "ನಿಂದ್ರಲೇ! ನಿನಗೂ ಜಾಗ ಮಾಡಾಕತ್ತೀನಿ."