ಮೈಕ್ ಸೆಟ್ಟಿನವನು ಕಂಡ ನಾಯಕರು

ತಮಿಳುನಾಡಿಗೆ ಸೇರಿದ, ಆದರೂ ಕನ್ನಡ ಆಡುವ ಗಡಿಯೂರು ತಾಳವಾಡಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ನಾನು. ಎಂಥ ನಾಯಕನಾದರೂ ಬಾಯಿ ತೆರೆಯುವ ಮುಂಚೆ ನನ್ನ ಕಡೆ ತಿರುಗಿ, "ಆನ್ ಆಯ್ತಾ?" ಅಂತ ಕೇಳಲೇಬೇಕು. ಹಾಗಾಗಿ ಈಗ ಹೇಳುವ ಇವೆಲ್ಲ ನನ್ನ ಕಣ್ಣೆದುರೇ ನಡೆದವು.

ಕೆಮ್ಮು

ದೊಡ್ಡಗಾಜನೂರಿನ ಕಡೆ ಒಂದೂರಲ್ಲಿ ಯಜಮಾನರೊಬ್ಬರಿದ್ದರು. ಮಾತು ಕಡಿಮೆ. ಯಾರಾದರೂ ತಪ್ಪು ಆಡಿದರೆ ಒಮ್ಮೆ ಕೆಮ್ಮುತ್ತಿದ್ದರು, ಆಡಿದವನು ಅಲ್ಲೇ ತಿದ್ದಿಕೊಳ್ಳುತ್ತಿದ್ದ.

ಒಂದು ದಿನ ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ. ಜನ ಜಾಸ್ತಿ ಸೇರುತ್ತಾರೆ ಅಂತ ಮೈಕ್ ಇಡಿಸಿದ್ದರು. ಅಣ್ಣ ಎದ್ದು, "ತಮ್ಮಂಗೆ ಏನೂ ಕೊಡಕಿಲ್ಲ" ಅಂದ. ಯಜಮಾನರು ಮೈಕಿನಲ್ಲಿ ಕೆಮ್ಮಿದರು.

"ಆಯ್ತು ಬುದ್ದಿ, ಬಾವಿ ಮಗ್ಗುಲ ಒಲ ಕೊಡ್ತೀನಿ."

ಮತ್ತೆ ಕೆಮ್ಮು.

"ಕರಿ ಅಸನೂ ಒಡ್ಕೊಂಡೋಗ್ಲಿ."

ಈ ಸಲ ಕೆಮ್ಮು ನಿಲ್ಲಲೇ ಇಲ್ಲ. ಅಣ್ಣನ ಕಣ್ಣಲ್ಲಿ ನೀರು. "ಮನೆನೂ ಬುಟ್ಕೊಡ್ತೀನಿ ಬುದ್ದಿ, ನಾನು ಮಾವನ ಮನೇಲಿರ್ತೀನಿ."

ಯಜಮಾನರು ಮೂಗು ಒರೆಸಿಕೊಂಡು, "ಯಾರಾರ ಒಸಿ ಬಿಸ್ನೀರು ಕೊಡ್ರಪ್ಪ, ಬೆಳಗಿಂದ ನೆಗಡಿ" ಅಂದರು.

ಪ್ರೆಸಿಡೆಂಟು

ಪಕ್ಕದ ಪಂಚಾಯ್ತಿ ಹೆಂಗಸರಿಗೆ ಮೀಸಲಾಯಿತು. ಒಬ್ಬಾತ ಹೆಂಡತಿಯನ್ನು ನಿಲ್ಲಿಸಿ, ಗೆಲ್ಲಿಸಿ, ತಾನೇ ಕುರ್ಚಿಯಲ್ಲಿ ಕೂತ. ರಸ್ತೆ ಪೂಜೆಗೆ ಹೊಸ ಅಧಿಕಾರಿ ಬಂದು, "ತಲೈವರ್ ಯಾರು, ಪ್ರೆಸಿಡೆಂಟು?" ಅಂತ ಕೇಳಿದರು.

"ನಾನೇ ಸಾರ್."

"ಹೆಸರು?"

ದಿನಾ ಹೆಂಡತಿಯ ಹೆಸರಲ್ಲೇ ರುಜು ಹಾಕಿದ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು, "ಮಾದಮ್ಮ."

ಅಧಿಕಾರಿ ಅವನ ಮೀಸೆಯನ್ನೇ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿ, "ಇವರು?" ಅಂದರು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: "ನಾನು ಮಾದಮ್ಮನ ಗಂಡ, ಸಾರ್."

ಆನೆ

ಓಟಿನ ಕಾಲ. ಬೆಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದಿದ್ದ ದೊಡ್ಡ ನಾಯಕರೊಬ್ಬರು ಭಾಷಣಕ್ಕೆ ತಾಳಮಲೆಗೆ ಹೊರಟರು. ನನ್ನ ಮೈಕ್ ಜೀಪು ಮುಂದೆ, ಅವರ ಕಾರು ಹಿಂದೆ. ಕಾಡಿನ ತಿರುವಿನಲ್ಲಿ ಒಂಟಿ ಆನೆ ರಸ್ತೆಗೆ ಅಡ್ಡ ನಿಂತಿತ್ತು.

ಸ್ವಲ್ಪ ಹೊತ್ತು ಕಾದು ನಾಯಕರಿಗೆ ಬೇಸರವಾಯಿತು. ಇಳಿದು ಬಂದು, "ಯಾರು ಬಂದಿರೋದು ಅಂತ ಮೈಕಲ್ಲಿ ಹೇಳಪ್ಪ" ಅಂದರು. ನಾನು ಬಿರುದುಗಳ ಸಮೇತ ತಮಿಳಿನಲ್ಲಿ ಕೂಗಿದೆ. ಆನೆ ಕಿವಿ ಬೀಸಿತು, ಕದಲಲಿಲ್ಲ.

ನನ್ನ ಡ್ರೈವರು ಮೆಲ್ಲಗೆ, "ಇದು ಚಾಮರಾಜನಗರದ ಕಡೇದು ಕಣ್ಲಾ, ಕನ್ನಡದಲ್ಲಿ ಏಳು" ಅಂದ.

ಕನ್ನಡದಲ್ಲಿ ಹೇಳಿದೆ. ಆನೆ ಸೊಂಡಿಲೆತ್ತಿ ಓಡಿ ಬಂತು. ನಾವು ಬಿದ್ದೆವೋ ಎದ್ದೆವೋ ಅಂತ ಓಡಿದೆವು, ಎಲ್ಲರಿಗಿಂತ ಮುಂದೆ ನಾಯಕರು. ಆನೆ ನನ್ನ ಸ್ಪೀಕರನ್ನು ಕಿತ್ತು, ತುಳಿದು, ಸಮಾಧಾನವಾಗಿ ಕಾಡಿಗೆ ಹೋಯಿತು.

ಹೇಗೋ ತಾಳಮಲೆ ಸೇರಿದೆವು. ನಾಯಕರು ಒಂದು ಚೊಂಬು ನೀರು ಕುಡಿದು, ಪಂಚೆ ಸರಿಮಾಡಿಕೊಂಡು ವೇದಿಕೆ ಹತ್ತಿದರು. ಮೈಕಿಲ್ಲದೆ ಗಂಟಲು ಹರಿಯುವ ಹಾಗೆ ಹೇಳಿದರು: "ನನ್ನ ಹೆಸರು ಕೇಳಿದ್ದೇ ತಡ, ಕಾಡಿನ ಆನೆ ಕೂಡ ನನ್ನ ನೋಡೋಕೆ ಓಡೋಡಿ ಬಂತು."

ಜನ ಚಪ್ಪಾಳೆ ತಟ್ಟಿದರು. ತಿರುಗಿ ನೋಡುತ್ತೇನೆ, ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು, ಆನೆಗೆ ಹೆದರಿ ನಮ್ಮ ಜೊತೆಗೇ ಓಡಿದ್ದ ನನ್ನ ಡ್ರೈವರು.