ಗಿಳಿ ಒಪ್ಪಿಕೊಂಡಿತು

ಸಂಸಾರಸ್ಥನಿಗೆ ಉಳಿದಿದ್ದ ಒಂದೇ ಒಂದು ಸ್ವಾತಂತ್ರ್ಯವೆಂದರೆ ‘ನನಗೆ ಗೊತ್ತೇ ಆಗಲಿಲ್ಲ’ ಎನ್ನುವುದು. ಅದನ್ನೂ ಈ ಮೊಬೈಲಿನವರು ಕಿತ್ತುಕೊಂಡರು. ಹೆಂಡತಿಯ ಮೆಸೇಜನ್ನು ನೀವು ತೆರೆದಿರೋ, ಅದರ ಪಕ್ಕದಲ್ಲಿ ಓದಿದ ಗುರುತು ಬಿದ್ದೇಬಿಡುತ್ತದೆ. ಆ ಗುರುತು ನೇರವಾಗಿ ಅವಳ ಫೋನಿಗೆ ಹೋಗಿ ಚಾಡಿ ಹೇಳುತ್ತದೆ: ನೋಡಮ್ಮಾ, ಓದಿದ್ದಾನೆ, ಓದಿಯೂ ಸುಮ್ಮನೆ ಕೂತಿದ್ದಾನೆ!

ನಾನು ಸುಮ್ಮನೆ ಕೂತಿರುವುದಿಲ್ಲ. ನನ್ನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದುಗಡೆ ಕನ್ನಡಿ, ದೀಪ, ನಗುಮುಖ. ಹಿಂದುಗಡೆ ನಾನು, ನನ್ನ ಸಾಣೆ ಚಕ್ರ, ಅದರ ಮೇಲೆ ತೊಟ್ಟಿಕ್ಕುವ ನೀರು. ಗಾಜನ್ನು ಫ್ರೇಮಿನ ಆಕಾರಕ್ಕೆ ಉಜ್ಜುವಾಗ ಎರಡು ಕೈಯೂ ಒದ್ದೆ, ಬೆರಳಿಗೆಲ್ಲ ಬಿಳಿ ರಾಡಿ. ಒಂದಿಷ್ಟು ಹೆಚ್ಚು ಉಜ್ಜಿದರೆ ಗಾಜು ಫ್ರೇಮಿನಿಂದ ಉದುರಿ ಗಿರಾಕಿಯ ಮಡಿಲಿಗೆ ಬೀಳುತ್ತದೆ. ಸರಿಯಾಗಿ ಅಂಥ ಹೊತ್ತಿಗೇ ಜೇಬಿನಲ್ಲಿ ಫೋನು ‘ಟಿಣ್’ ಎನ್ನುತ್ತದೆ. ನನ್ನ ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಅಲ್ಲಿ ಬಾಯಿ ಬಿಡುವಂತಿಲ್ಲ. ದಿನವಿಡೀ ತಡೆದುಕೊಂಡ ಮಾತೆಲ್ಲ (ಅದೇನು ಕಡಿಮೆಯಲ್ಲ) ಅವಳ ಹೆಬ್ಬೆರಳಿಗಿಳಿದು ನನ್ನ ಜೇಬಿಗೆ ಬಂದು ಬೀಳುತ್ತದೆ.

“ನಲ್ಲಿ ರಿಪೇರಿಯವನಿಗೆ ಬರೋಕೆ ಹೇಳ್ಲಾ ಅಂತ ಕೇಳಿದ್ದೆ. ಓದಿದ್ರಿ. ಯಾಕೆ ಉತ್ತರ ಕೊಡ್ಲಿಲ್ಲ?”

“ಕೈ ಒದ್ದೆ ಇತ್ತು ಕಣೇ.”

“ಓದೋವಾಗ ಒಣಗಿತ್ತಾ?”

“ಓದೋಕೆ ಮೂಗಲ್ಲಿ ಒತ್ತಿದೆ.”

“ಅದೇ ಮೂಗಲ್ಲಿ ಒಂದು ‘ಹೂಂ’ ಒತ್ತೋಕೆ ಏನಾಗಿತ್ತು ಧಾಡಿ? ಅಷ್ಟು ದೊಡ್ಡ ಮೂಗು ಇಟ್ಕೊಂಡು!”

ಇದು ಒಂದು ದಿನದ ಕಥೆಯಲ್ಲ, ನಿತ್ಯದ ಪಾರಾಯಣ. ಇದೆಲ್ಲ ನಡೆಯುತ್ತಿದ್ದುದು ನಾನು ಕೆಲಸದಿಂದ ಬಂದು ಮುಂದಿನ ಕೋಣೆಯ ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಕೂತಾಗ. ಆ ಕುರ್ಚಿಯ ಬಗ್ಗೆ ನಾನು ಈಗಲೇ ಹೇಳಿಬಿಡಬೇಕು. ಅದರ ಹತ್ತಿ ಹೊರಗೆ ಇಣುಕುತ್ತದೆ, ಒಂದು ಕಾಲು ಗಿಡ್ಡ. ಆದರೂ ದಿನವಿಡೀ ಗಾಜಿನಂಚು ನೋಡಿ ನೋಡಿ ಸೋತ ಕಣ್ಣನ್ನು ಮುಚ್ಚಿಕೊಂಡು ನಾನು ಮನುಷ್ಯನಾಗುವುದು ಅದೊಂದೇ ಜಾಗದಲ್ಲಿ. ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಬೇರೇನೂ ಇಲ್ಲ. ಆ ಕುರ್ಚಿಯ ನೆಮ್ಮದಿಗಾಗಿಯೇ ನಾನು ಮೆಸೇಜಿನ ಆ್ಯಪನ್ನು ಬದಲಾಯಿಸಲು ಹೊರಟದ್ದು.

“ಬೇರೆ ಆ್ಯಪ್ ಬೇಕು, ಪುಕ್ಕಟೆ ಇರ್ಬೇಕು, ಓದಿದ ಗುರುತು ಬೀಳಬಾರ್ದು,” ಎಂದೆ ಮಗಳಿಗೆ. ಕಾಲೇಜಿನಲ್ಲಿ ಓದುವವಳು, ಇಂಥದ್ದರಲ್ಲಿ ಪಂಡಿತೆ.

“ಪುಕ್ಕಟೆ ಅಂದ್ರೆ ಅದ್ರಲ್ಲೊಂದು ಫಜೀತಿ ಇದ್ದೇ ಇರತ್ತೆ, ಅಪ್ಪಾ,” ಎಂದಳು ಅವಳು, ತಲೆಯೆತ್ತದೆ.

ಇತ್ತು. ಮೊದಲು ಹಾಕಿಕೊಂಡ ಆ್ಯಪು ಒಳಗೆ ಬಿಡುವ ಮೊದಲೇ ನನ್ನ ಫೋಟೋ ನೋಡಲೇ, ನೀನೆಲ್ಲಿದ್ದೀಯ ತಿಳಿಯಲೇ, ನಿನ್ನ ಮಾತು ಕೇಳಿಸಿಕೊಳ್ಳಲೇ ಎಂದು ಕೇಳಿತು. ಇಷ್ಟನ್ನೆಲ್ಲ ಕೇಳಲು ಮನೆಯಲ್ಲಿ ಆಗಲೇ ಒಬ್ಬಳಿದ್ದಾಳೆ, ತೆಗೆದುಹಾಕಿದೆ. ಎರಡನೆಯದರಲ್ಲಿ ನಾಲ್ಕು ಅಕ್ಷರ ಬರೆಯುವಷ್ಟರಲ್ಲಿ ಬೋಳುತಲೆಗೆ ಕೂದಲು ತರಿಸುವ ಎಣ್ಣೆಯ ಜಾಹೀರಾತು ಬಂದು ಕೂರುತ್ತಿತ್ತು. (ನನ್ನ ತಲೆಯ ವಿಚಾರ ಅದಕ್ಕೆ ಯಾರು ಹೇಳಿದರೋ!) ಮತ್ತೊಂದು ಪರಮ ಗುಪ್ತವಾದದ್ದು. ಅದರ ಗುಪ್ತಪದ ನನಗೇ ಮರೆತು, ಅದರೊಳಗೆ ಏನಿದೆಯೆಂಬುದು ಇಂದಿಗೂ ಗುಪ್ತವಾಗಿಯೇ ಉಳಿದಿದೆ.

ಕೊನೆಗೆ ಸಿಕ್ಕಿದ್ದು ಹಸಿರು ಗಿಳಿಯ ಚಿತ್ರವಿದ್ದ ಆ್ಯಪು. ಆಹಾ, ಅದರ ಗುಣಗಳನ್ನು ಏನೆಂದು ವರ್ಣಿಸಲಿ! ಓದಿದ ಗುರುತೇ ಇಲ್ಲ. ಬಂದ ಮೆಸೇಜು, ನೀವು ಓದಿರಿ ಬಿಡಿರಿ, ಒಂದು ಗಂಟೆಯಲ್ಲಿ ಮಂಗಮಾಯ, ಫೋನಿನಲ್ಲಿ ಜಾಗ ಹಿಡಿಯುವ ಮಾತೇ ಇಲ್ಲ. ನಾವು ಕಳಿಸಿದ್ದು ಮಾತ್ರ ನಮ್ಮಲ್ಲಿ ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು ಇನ್ನೊಂದು: ನಮಗೆ ಬಿಡುವಿಲ್ಲದಿದ್ದರೆ ನಮ್ಮ ಪರವಾಗಿ ಗಿಳಿಯೇ ಉತ್ತರ ಕೊಡುತ್ತದೆ. ಏನು ಉತ್ತರ ಎಂದು ಒಂದು ಸಲ ಬರೆದುಕೊಟ್ಟರೆ ಸಾಕು. (ಗಿಳಿಗೆ ಗಿಳಿ ಉತ್ತರ ಕೊಡುವುದಿಲ್ಲ, ಮಾಡಿದವರಿಗೆ ಅಷ್ಟು ಬುದ್ಧಿ ಇತ್ತು.)

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮದುವೆಯಾದಂದಿನಿಂದ ನನ್ನನ್ನು ಕಾಪಾಡಿಕೊಂಡು ಬಂದಿರುವ ಆ ಮಹಾಮಂತ್ರವನ್ನೇ ಬರೆದುಕೊಟ್ಟೆ: ‘ಆಯ್ತು, ಹಾಗೇ ಮಾಡೋಣ.’

ಮನೆಯವರನ್ನೆಲ್ಲ ಗಿಳಿಗೆ ಸೇರಿಸಿದೆ. ಹೆಂಡತಿ, “ನಂದು ನಾನೇ ಹಾಕ್ಕೋತೀನಿ, ನೀವು ಮುಟ್ಬೇಡಿ,” ಎಂದಳು. ಉಳಿದದ್ದು ಅತ್ತೆಯವರು. ಅವರು ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವರು. ನಿವೃತ್ತರಾದದ್ದು ಅವರು ಮಾತ್ರ, ಕೊರಳಿನ ಸೀಟಿ ಇನ್ನೂ ಆಗಿಲ್ಲ. ನಾಲ್ಕು ಬೀದಿಯಾಚೆ ಮಗನ ಮನೆಯ ಮಹಡಿಯಲ್ಲಿದ್ದುಕೊಂಡು, ಬೆಳಗಾಗುವ ಮೊದಲೇ ಪಾರ್ಕಿನಲ್ಲಿ ಹೆಂಗಸರಿಗೆಲ್ಲ ವ್ಯಾಯಾಮ ಮಾಡಿಸುತ್ತಾರೆ. ಅವರ ಫೋನಿಗೂ ನಾನೇ ಗಿಳಿಯನ್ನು ಕೂರಿಸಿದೆ. ‘ನನ್ನಲ್ಲಿರುವಂತೆಯೇ ಇರಲಿ’ ಎಂಬ ಗುಂಡಿಯನ್ನು ಒತ್ತಿದೆ. ಬೇಗ ಮುಗಿಯಿತು. ಎದ್ದು ಬರುವಾಗ ಅವರು ನನ್ನ ಹೊಟ್ಟೆಯತ್ತ ನೋಡಿ, “ಅಳಿಯಂದ್ರೇ, ಬಗ್ಗಿದ್ರೆ ಕಾಲ್ಬೆರಳು ಕಾಣತ್ತಾ?” ಎಂದು ಕೇಳಿದರು. ನಾನು ಕೇಳಿಸದವನ ಹಾಗೆ ಚಪ್ಪಲಿ ಮೆಟ್ಟಿಕೊಂಡೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಣ್ಣು ತೇವವಾಗುತ್ತದೆ. ನಾನು ಗಾಜು ಉಜ್ಜುತ್ತಿದ್ದೆ, ಗಿಳಿ ಸಂಸಾರ ಮಾಡುತ್ತಿತ್ತು. ಸಂಜೆ ಕುರ್ಚಿಯಲ್ಲಿ ಕೂತರೆ ಜಗಳದ ಸುಳಿವಿಲ್ಲ, ಕೇಳದೆಯೇ ಕಾಫಿ ಬರುತ್ತಿತ್ತು.

“ನೀವು ಈಚೆಗೆ ಎಷ್ಟು ಬದಲಾಗಿದ್ದೀರಿ ರೀ! ಕೇಳಿದ ತಕ್ಷಣ ಉತ್ತರ! ಒಂದಕ್ಕಾದ್ರೂ ಅಡ್ಡ ಮಾತಿಲ್ಲ. ನಮ್ಮ ಗ್ರಂಥಾಲಯದಲ್ಲಿ ಎಲ್ಲರಿಗೂ ತೋರಿಸ್ದೆ.”

“ಎಲ್ಲ ನಿನ್ನ ಮೇಲಿನ ಪ್ರೀತಿ ಕಣೇ,” ಎಂದೆ. ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ, ಕಾಫಿ ಚೆನ್ನಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು, “ಅಮ್ಮನ ವಿಷಯ ಒಂದಿದೆ. ಈಗ ಪುರುಸೊತ್ತಿಲ್ಲ, ಮೆಸೇಜ್ ಹಾಕ್ತೀನಿ. ಗಡಿಬಿಡಿ ಮಾಡ್ದೆ ಯೋಚ್ನೆ ಮಾಡಿ ಉತ್ತರ ಕೊಡಿ,” ಎಂದಳು. ನಾನು ಹೂಂಗುಟ್ಟಿದೆ. ಅಂಗಡಿಗೆ ಹೋದರೆ ಗಾಜಿನ ರಾಶಿಯೇ ಕಾದಿತ್ತು. ಫೋನು ಟಿಣ್ ಎಂದದ್ದು ನಿಜ. ಆದರೆ ಗಿಳಿಯಿರುವಾಗ ನಾನೇಕೆ ಕೈ ಒರೆಸಿಕೊಳ್ಳಲಿ? ಮಧ್ಯಾಹ್ನ ಊಟದ ಹೊತ್ತಿಗೆ ನೆನಪಾಗಿ ಫೋನು ತೆಗೆದರೆ ಅವಳ ಮೆಸೇಜು ಆಗಲೇ ಮಾಯ. ನನ್ನ ‘ಆಯ್ತು, ಹಾಗೇ ಮಾಡೋಣ’ ಮಾತ್ರ ಒಂಟಿಯಾಗಿ ನಿಂತಿತ್ತು. ಏನು ಆಯ್ತು? ಹೇಗೆ ಮಾಡೋಣ?

ಸಂಜೆ ಮನೆಗೆ ಬಂದರೆ ಹೆಂಡತಿ ಮುಂದಿನ ಕೋಣೆಯಲ್ಲಿ ಅಳತೆ ಟೇಪು ಹಿಡಿದು ಹಾಡು ಗುನುಗುತ್ತಿದ್ದಾಳೆ! ನನ್ನ ಕುರ್ಚಿ ಗೋಡೆಯಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿತ್ತು.

“ಇದನ್ನ ಇಲ್ಲಿಂದ ಎತ್ತಲೇಬೇಕು ರೀ. ಇಲ್ದಿದ್ರೆ ಜಾಗ ಸಾಲಲ್ಲ.”

“ಎತ್ತಿ... ಎಲ್ಲಿಗೆ?”

“ಮಹಡಿ ಮೆಟ್ಟಿಲ ಕೆಳಗಿಟ್ರಾಯ್ತು. ನೀವು ಇಷ್ಟು ಬೇಗ ಒಪ್ತೀರಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಅಮ್ಮಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಭಾನುವಾರವೇ ಆಗ್ಲಿ ಅಂದ್ಲು.”

ಅತ್ತೆಯವರು ನಮ್ಮಲ್ಲಿಗೆ ಬಂದುಬಿಡುತ್ತಾರೆ! ನನ್ನ ಕಿಟಕಿಯ ಪಕ್ಕ! ಸೀಟಿ ಸಮೇತ! ಇನ್ನು ನನ್ನ ಸಂಜೆಗಳೇನಾಗಬೇಕು, ನನ್ನ ಬೆಳಗಿನ ನಿದ್ದೆಯೇನಾಗಬೇಕು? ಏನು ಒಪ್ಪಿಕೊಂಡೆ ಎಂದು ಕೇಳೋಣವೆಂದರೆ, ಓದಿಲ್ಲವೆಂದು ನಾನೇ ಹೇಳಿಕೊಂಡ ಹಾಗೆ. ಗಿಳಿ ಬಯಲಾಗುತ್ತದೆ, ಗಿಳಿಯ ಜೊತೆಗೆ ಇಷ್ಟು ದಿನದ ಪ್ರೀತಿ, ಕಾಫಿ, ಗ್ರಂಥಾಲಯದಲ್ಲಿ ಗಳಿಸಿದ ಕೀರ್ತಿ ಎಲ್ಲ ಮಣ್ಣುಪಾಲು.

ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಯೋಚಿಸಿದೆ. ಹೇಗಿದ್ದರೂ ಬರುವವರು ಬಂದೇ ಬರುತ್ತಾರೆ. ಅವರಾಗಿ ಬಂದರೆ ನನಗೇನೂ ಹೆಸರಿಲ್ಲ, ನಾನು ಕರೆದು ಬಂದರೆ ನಾನು ದೊಡ್ಡ ಮನಸ್ಸಿನ ಅಳಿಯ! ಆ ಲೆಕ್ಕದಲ್ಲಿ ಕುರ್ಚಿಯನ್ನಾದರೂ ಉಳಿಸಿಕೊಳ್ಳಬಹುದು. ಒಂದೇ ಬೆರಳಿನಿಂದ, ಬೆವರು ಒರೆಸಿಕೊಳ್ಳುತ್ತ, ಅತ್ತೆಯವರಿಗೆ ಬರೆದೆ: ‘ಅತ್ತೆ, ಏನೂ ಸಂಕೋಚ ಬೇಡ. ಇದು ನಿಮ್ಮದೇ ಮನೆ. ಬಂದು ನಮ್ಮ ಜೊತೆಯಲ್ಲೇ ಇದ್ದುಬಿಡಿ, ಯಾವತ್ತಿಗೂ.’

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ‘ಆಯ್ತು, ಹಾಗೇ ಮಾಡೋಣ.’

ಎದೆಯುಬ್ಬಿಸಿಕೊಂಡು ಹೊರಗೆ ಬಂದೆ. “ನೋಡೇ, ನಿಮ್ಮಮ್ಮನಿಗೆ ನಾನೇ ಖುದ್ದಾಗಿ ಬರೆದಿದ್ದೀನಿ, ಬಂದು ನಮ್ಮಲ್ಲೇ ಇದ್ದುಬಿಡಿ ಅಂತ. ಅವರೂ ಒಪ್ಪಿದ್ರು.”

ಹೆಂಡತಿಯ ಕೈಯಿಂದ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. “ಅಮ್ಮನ್ನಾ? ನಾನು ಕೇಳಿದ್ದು ಅಮ್ಮನ ಬೀರು ರೀ! ಅವಳಿಗೆ ಜಾಗ ಸಾಲ್ತಿಲ್ಲ, ಹಳೇ ಮರದ ಬೀರು ನಮಗೆ ಕೊಡ್ತಾಳಂತೆ, ಮುಂದಿನ ಕೋಣೆಗೆ ತರಿಸ್ಲಾ ಅಂತ ಕೇಳಿದ್ದೆ!”

ಬೀರು! ಎರಡು ಬಾಗಿಲಿನ, ಬಾಯಿಲ್ಲದ, ಸೀಟಿ ಊದದ, ಬರಿಯ ಒಂದು ಬೀರು! ಅದಕ್ಕೆ ಹೆದರಿ ನಾನು ಅದರ ಯಜಮಾನಿಯನ್ನೇ ಕರೆದುಬಿಟ್ಟಿದ್ದೆ. ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. “ಬೀರು ಕೇಳಿದ್ರೆ ನೀವು ಅಮ್ಮನ್ನೇ ಕರೆದ್ರಲ್ಲ... ಎಂಥ ಮನಸ್ಸು ರೀ ನಿಮ್ಮದು!” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೂ ಹೇಗೆ? ಆ ಸಂಜೆ ನನಗೆ ಊಟ ಸೇರಲಿಲ್ಲ. ಬಾಗಿಲಿಗೆ ಅಡ್ಡ ನಿಂತಿದ್ದ ಕುರ್ಚಿಯಲ್ಲೇ ಕೊನೆಯ ಸಲ ಎಂಬಂತೆ ಕೂತೆ.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಅತ್ತೆಯವರು ಪಾರ್ಕಿನಿಂದ ನೇರವಾಗಿ ಬಂದರು. ಕೊರಳಲ್ಲಿ ಸೀಟಿ, ಮುಂದೆ ಚಾಚಿದ ಕೈಯಲ್ಲಿ ಫೋನು.

“ಅಳಿಯಂದ್ರೇ, ಮೊದ್ಲು ಈ ಗಿಳೀನ ತೆಗೀರಿ! ನಾನು ಪಾರ್ಕಲ್ಲಿದ್ದಾಗ, ಸ್ನಾನಕ್ಕೆ ಹೋದಾಗ, ಇದು ಯಾರು ಏನು ಕೇಳಿದ್ರೂ ‘ಆಯ್ತು, ಹಾಗೇ ಮಾಡೋಣ’ ಅಂತಿದೆ. ಪಕ್ಕದ ಮನೆಯವಳು ಬೆಕ್ಕಿನ ಮರಿಗಳನ್ನ ತಂದು ಬಿಟ್ಟುಹೋದ್ಲು, ನಾನು ಒಪ್ಪಿದ್ದೀನಂತೆ! ನಿಮ್ಮ ಹೆಸರಿನ ಕೆಳಗೂ ಒಂದು ‘ಆಯ್ತು’ ಇದೆ. ನಿಮಗೆ ಏನು ಒಪ್ಪಿಕೊಂಡಿದ್ದೀನಿ ನಾನು?”

ನನ್ನ ಬಾಯಲ್ಲಿದ್ದ ನೊರೆ ಗಂಟಲಿಗಿಳಿಯಿತು. ಹಾಗಾದರೆ ಅವರು ಓದಿಯೇ ಇಲ್ಲ! ಒಪ್ಪಿದ್ದು ಗಿಳಿ! ನಾನು ‘ಏನಿಲ್ಲ’ ಎನ್ನುವಷ್ಟರಲ್ಲಿ ಹೆಂಡತಿ ಹೇಳಿಬಿಟ್ಟಳು: “ಇನ್ಮೇಲೆ ನಮ್ಮಲ್ಲೇ ಇದ್ದುಬಿಡು ಅಂತ ಇವರು ಕರೆದಿದ್ದಾರಮ್ಮಾ.”

ಅತ್ತೆಯವರು ನನ್ನನ್ನು ನೋಡಿದರು, ಮನೆಯನ್ನು ನೋಡಿದರು, ಇನ್ನೂ ಮಲಗಿದ್ದ ಮೊಮ್ಮಗಳ ಕೋಣೆಯ ಬಾಗಿಲನ್ನು ನೋಡಿದರು.

“ಇಲ್ಲಿಗಾ? ಈ ಸೋಮಾರಿಗಳ ಛತ್ರಕ್ಕಾ? ಬೇಡಪ್ಪಾ ಬೇಡ! ನನ್ನ ಮಹಡಿ ನನಗೆ ಸಾಕು. ಬೀರು ಮಾತ್ರ ಕಳಿಸ್ತೀನಿ.”

ಹೋದ ಜೀವ ಬಂತು! ಆ ಕ್ಷಣ ಅವರ ಕಾಲಿಗೆ ಬೀಳಬೇಕೆನ್ನಿಸಿತು. (ಬಗ್ಗುವುದು ಕಷ್ಟವೆಂದು ಬಿಟ್ಟೆ.) ಬೀರಿಗೆ ಒಳಕೋಣೆ ಸಾಕು, ಕುರ್ಚಿ ಕಿಟಕಿ ಬಳಿಯೇ ಇರಲಿ ಎಂದು ಅತ್ತೆಯವರೇ ತೀರ್ಪು ಕೊಟ್ಟರು. ಎಷ್ಟು ನ್ಯಾಯವಂತ ಹೆಂಗಸು! ನಾನು ಓಡಿಹೋಗಿ ಅವರಿಗೆ ಕಾಫಿ ತಂದೆ.

“ಅದಿರ್ಲಿ,” ಎಂದರು ಅವರು ಕಾಫಿ ಕುಡಿದು. “ಇವತ್ತು ಬೆಳಿಗ್ಗೆ ಯಾಕೆ ಬರ್ಲಿಲ್ಲ?”

“ಎಲ್ಲಿಗೆ ಅತ್ತೆ?”

“ಪಾರ್ಕಿಗೆ. ನಾಳೆಯಿಂದ ದಿನಾ ನನ್ನ ಕ್ಲಾಸಿಗೆ ಬನ್ನಿ, ಹೊಟ್ಟೆ ಕರಗಿಸೋಣ ಅಂತ ಮಲಗೋ ಮುಂಚೆ ಬರೆದಿದ್ದೆ. ಆಯ್ತು ಅಂದ್ರಲ್ಲ! ತೆಗೀರಿ ಫೋನು.”

ತೆಗೆದೆ. ಅತ್ತೆಯವರ ಹೆಸರಿನ ಕೆಳಗೆ, ನಾನು ಕರೆದ ಮೆಸೇಜಾದ ಮೇಲೆ, ನನ್ನ ಗಿಳಿ ಕಳಿಸಿದ್ದು ನಿಂತಿತ್ತು: ‘ಆಯ್ತು, ಹಾಗೇ ಮಾಡೋಣ.’ ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಆಮೇಲೆ ತಾಯಿಯ ಫೋನನ್ನು ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು:

“ಅಮ್ಮನ ಫೋನಲ್ಲಿರೋ ಗಿಳಿ ಥರ ನಿಮ್ಮ ಗಿಳೀನೂ ಮಾತಾಡತ್ತಾ ರೀ?”

“ಛೆ ಛೆ! ನಿನಗೆ ಬರೆದದ್ದೆಲ್ಲ ನಾನೇ, ನನ್ನ ಬೆರಳಿಂದಲೇ!”

“ಹಾಗಾದ್ರೆ ಇದನ್ನೂ ನಿಮ್ಮ ಬೆರಳಿಂದಲೇ ಬರೆದಿದ್ದು?”

ಗೋಡೆ ನೋಡಿದೆ, ಕುರ್ಚಿ ನೋಡಿದೆ. “ಹೂಂ... ನನ್ನ ಬೆರಳಿಂದಲೇ,” ಎಂದೆ.

“ಹಾಗಾದ್ರೆ ನಾಳೆಯಿಂದ ಹೋಗಿ,” ಎಂದಳು. ಅವಳಿಗೆ ಗೊತ್ತಿತ್ತು. ಒಂದು ‘ಹೂಂ’ ಒತ್ತಲು ಒದ್ದಾಡುವ ಬೆರಳು ನನ್ನದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಆದರೂ ಹೆಚ್ಚು ಕೆದಕಲಿಲ್ಲ. ಅಷ್ಟಕ್ಕೇ ಬಿಟ್ಟಳಲ್ಲ, ಅದೇ ನನ್ನ ಪುಣ್ಯ.

ಈಗ ಎಲ್ಲರೂ ಹಳೆಯ ಆ್ಯಪಿಗೇ ಮರಳಿದ್ದೇವೆ. ಓದಿದ ಗುರುತು ಮೊದಲಿನಂತೆಯೇ ಚಾಡಿ ಹೇಳುತ್ತಿದೆ, ಹೇಳಿಕೊಳ್ಳಲಿ. ಕುರ್ಚಿ ಕಿಟಕಿಯ ಪಕ್ಕದಲ್ಲೇ ಇದೆ, ಸಂಜೆ ಅದರಲ್ಲಿ ಕೂತು ಕಣ್ಣು ಮುಚ್ಚಿದರೆ ಸ್ವರ್ಗ. ಕೂರುವಾಗ ಮಾತ್ರ ಸೊಂಟ ಹಿಡಿದುಕೊಂಡು ಮೆಲ್ಲಗೆ ಕೂರಬೇಕು. ನಿನ್ನೆ ಬೆಳಿಗ್ಗೆ ಪಾರ್ಕಿನಲ್ಲಿ, ಅಷ್ಟೂ ಜನ ಹೆಂಗಸರ ನಡುವೆ ಕೈ ಮೇಲೆತ್ತಿ ಒಂಟಿಕಾಲಿನಲ್ಲಿ ತೂರಾಡುತ್ತಿದ್ದಾಗ ಜೇಬಿನಲ್ಲಿ ಫೋನು ಟಿಣ್ ಎಂದಿತು. ಹೆಂಡತಿಯ ಮೆಸೇಜು: ‘ಅಮ್ಮ ಹೇಳಿದ್ಳು, ನೀವು ಚೆನ್ನಾಗಿ ಮಾಡ್ತಿದ್ದೀರಂತೆ. ಸಂಜೆಯ ಕ್ಲಾಸಿಗೂ ಸೇರಿಸ್ಲಾ?’

ಕೈ ಒಣಗಿಯೇ ಇತ್ತು. ಗಿಳಿಯೂ ಇರಲಿಲ್ಲ. ಒಂಟಿಕಾಲಿನಲ್ಲೇ ನಿಂತು, ಅತ್ತೆಯವರು ಸೀಟಿ ಊದುವ ಮೊದಲೇ, ನನ್ನ ಸ್ವಂತ ಬೆರಳಿನಿಂದ, ಜೀವಮಾನದಲ್ಲಿ ಮೊದಲ ಸಲ ಒಂದೂ ತಪ್ಪಿಲ್ಲದೆ ಒತ್ತಿದೆ: ‘ಬೇಡ.’

ಸಂಜೆಯ ಕುರ್ಚಿ ಉಳಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಸೀಟಿ ಕೇಳಿಸಿತು.

“ಅಳಿಯಂದ್ರೇ, ಕ್ಲಾಸಿನಲ್ಲಿ ಫೋನಾ? ಪಾರ್ಕಿಗೆ ಒಂದು ಸುತ್ತು ಓಡಿ!”

“ಆಯ್ತು, ಹಾಗೇ ಮಾಡೋಣ,” ಎಂದೆ ನಾನು, ನನ್ನ ಬಾಯಿಂದಲೇ.